ಆ ಮೂರನೇ ಪಾಠ ಸುಳ್ಳು

"ಮೂಸ್ರೀ ಇದನ್ನ!"

ಕನ್ನಡಕದಂಗಡಿಯ ಗಾಜಿನ ಮೇಜಿನ ಮೇಲೆ ಒದ್ದೆ ಟವೆಲ್ಲೊಂದು ಪಚಕ್ಕನೆ ಬಿತ್ತು. ಫ್ರೇಮಿಗೆ ಸ್ಕ್ರೂ ಬಿಗಿಯುತ್ತಿದ್ದ ಅಂಗಡಿಯವನು ಬೆಚ್ಚಿ ಹಿಂದೆ ಸರಿದ. ಎದುರಿಗೆ ನಿಂತವಳ ಮೂಗಿನ ಹೊಳ್ಳೆಗಳು ಅರಳಿದ್ದವು, ಕಣ್ಣು ಕೆಂಪಾಗಿತ್ತು.

"ಏನಿದು ಮೇಡಂ?"

"ಬೆವರು! ಹತ್ತು ಗಂಡಸರ ಬೆವರು. ಇವತ್ತು ಬೆಳಗ್ಗೆ ಪ್ರಾಕ್ಟೀಸಲ್ಲಿ ಒರೆಸಿದ್ದು, ಇನ್ನೂ ಆರಿಲ್ಲ. ಹತ್ತಿರ ತಗೊಂಡು ಮೂಸಿ. ಆಮೇಲೆ ಹೇಳಿ, ಇದನ್ನ ಒರೆಸೋಳಿಗೆ ಆಟಗಾರರ ಮುಖ ನೋಡ್ಕೊಂಡು ಕೂರೋಕೆ ಮನಸ್ಸು ಬರುತ್ತಾ ಅಂತ!"

ಅವನಿಗೆ ಆಗ ಅರ್ಥವಾಯಿತು. ಅಯ್ಯೋ ದೇವರೇ... ಇವಳು ಅವಳೇ!

ಅವಳು ನಗರದ ಬ್ಯಾಸ್ಕೆಟ್‌ಬಾಲ್ ಅಂಗಣದಲ್ಲಿ ನೆಲ ಒರೆಸುವವಳು. ಆಟಗಾರರು ಬಿದ್ದಲ್ಲಿ, ಬೆವರು ಸುರಿದಲ್ಲಿ ಓಡಿಹೋಗಿ ಹತ್ತು ಸೆಕೆಂಡಿನಲ್ಲಿ ಒರೆಸಿ ಓಡಿ ಬರುವುದು ಅವಳ ಕೆಲಸ. ಇವನೋ, ಹಗಲು ಕನ್ನಡಕ ಮಾರುತ್ತಿದ್ದ, ಪಂದ್ಯ ಮುಗಿದ ಮರುದಿನ ಫೋನಿನ ಮುಂದೆ ಕುಳಿತು ಅಭಿಮಾನಿಗಳಿಗೆ ಪಾಠ ಹೇಳುತ್ತಿದ್ದ. 'ಈ ಸೋಲಿನಿಂದ ನಾವು ಕಲಿಯಬೇಕಾದ ಪಾಠಗಳು' ಅಂತ. ಅದಕ್ಕೇ ಎಲ್ಲರೂ ಅವನನ್ನು 'ಪಾಠದ ಮೇಷ್ಟ್ರು' ಎನ್ನುತ್ತಿದ್ದರು.

ಅವನೊಬ್ಬನೇ ಅಂತಲ್ಲ ಬಿಡಿ. ಪ್ಲೇ ಆಫ್ ಸರಣಿ ಶುರುವಾದಾಗಿನಿಂದ ಆ ನಗರಕ್ಕೇ ಈ ರೋಗ ಬಡಿದಿತ್ತು. ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಫೈನಲ್‌ಗೆ. ತಂಡ ಒಂದು ಪಂದ್ಯ ಸೋತರೆ ಸಾಕು, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಬ್ಯಾಂಕಿನ ಕ್ಯೂನಲ್ಲಿ ಎಲ್ಲರೂ ಜೀವನದ ಪಾಠ ಕಲಿತವರೇ! ಆಡುವವರು ಐದು ಜನ, ಬುದ್ಧಿ ಹೇಳುವವರು ಐದು ಲಕ್ಷ. ತಾನೂ ತಪ್ಪಿತಸ್ಥ ಅಂತ ಮಾತ್ರ ಒಬ್ಬನೂ ಕಲಿತದ್ದು ಕಾಣೆ.

ಬುಧವಾರ ಐದನೇ ಪಂದ್ಯ. ಅಷ್ಟರಲ್ಲಿ ಎರಡು ಗೆಲುವು, ಎರಡು ಸೋಲು. ಕೊನೆಯ ಆರು ಸೆಕೆಂಡು, ಒಂದೇ ಅಂಕ ಹಿಂದೆ, ಚೆಂಡು ಕ್ಯಾಪ್ಟನ್ ಕೈಯಲ್ಲಿ. ಅವನು ಬುಟ್ಟಿಯತ್ತ ಹೆಜ್ಜೆ ಇಟ್ಟವನೇ ಸರ್ರನೆ ಜಾರಿ ಬಿದ್ದ. ಪಂದ್ಯ ಹೋಯಿತು.

ಗುರುವಾರ ಬೆಳಗ್ಗೆ ಮೇಷ್ಟ್ರ ವಿಡಿಯೋ ಬಂತು. ಪಾಠ ಒಂದು, ಮುನ್ನಡೆ ಸಿಕ್ಕಾಗ ಮೈಮರೆಯಬಾರದು. ಪಾಠ ಎರಡು, ಪುಕ್ಕಟೆ ಸಿಕ್ಕ ಫ್ರೀ ಥ್ರೋ ಹಾಳುಮಾಡಬಾರದು. ಪಾಠ ಮೂರು... "ನೆಲ ಒರೆಸೋ ಹುಡುಗಿ ಟವೆಲ್ ಹಿಡ್ಕೊಂಡು ಹೋದ್ಲು, ಒರೆಸದೇ ವಾಪಸ್ ಬಂದ್ಲು. ನಾನೇ ಕಣ್ಣಾರೆ ನೋಡ್ದೆ. ಆಟಗಾರರ ಮುಖ ನೋಡೋಕೆ ಬರೋರನ್ನ ಮನೇಲಿ ಕೂರಿಸಿ ಸ್ವಾಮಿ!"

ಅಷ್ಟೇ. ಸೋಲಿನ ಗೂಬೆಯನ್ನು ತಂದು ಅವಳ ತಲೆ ಮೇಲೆ ಕೂರಿಸಿದ್ದಾಯಿತು.

"ನಾನು ನೋಡಿದ್ದನ್ನೇ ಹೇಳಿದ್ದು ಮೇಡಂ," ಅವನು ಈಗ ತಡವರಿಸಿದ. "ನೀವು ಒರೆಸದೇ ವಾಪಸ್ ಬಂದಿದ್ದು ಸುಳ್ಳಾ?"

"ನಿಜ. ಯಾಕೆ ವಾಪಸ್ ಬಂದೆ ಅಂತ ನೋಡಿದ್ರಾ?"

ಅವನು ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟ.

"ಊರಿಗೆಲ್ಲಾ ಕನ್ನಡಕ ಹಾಕ್ತೀರಿ, ನಿಮಗೇ ಕಣ್ಣು ಕಾಣಲ್ವಲ್ರೀ!" ಅವಳು ಚಪ್ಪಲಿಯ ಕಾಲನ್ನು ಮುಂದೆ ಚಾಚಿದಳು. "ನಿನ್ನೆ ಬಸ್ ಸ್ಟಾಪಲ್ಲಿ ಒಬ್ಬ ನನ್ನ ಚಪ್ಪಲಿ ಮೇಲೆ ಉಗಿದ. ನಗ್ತಾ ಉಗಿದ. 'ಒರೆಸು, ಇದಾದ್ರೂ ಒರೆಸು' ಅಂದ. ನಿಮ್ಮ ಪಾಠ ಎಷ್ಟು ಚೆನ್ನಾಗಿ ಕಲಿತಿದಾನೆ ನೋಡಿ... ಥೂ!"

ಟವೆಲ್ ಎತ್ತಿಕೊಂಡು ಅವಳು ಹೊರಟೇಬಿಟ್ಟಳು. ಗಾಜಿನ ಮೇಲೆ ಒದ್ದೆ ಗುರುತು ಉಳಿಯಿತು.

ಬೆವರಿಗೆ ಎಂದೂ ಹೇಸಿದವಳಲ್ಲ ಅವಳು. ಮೂರು ವರ್ಷದಲ್ಲಿ ಬೆವರು, ರಕ್ತ, ಒಮ್ಮೆ ಯಾರದೋ ವಾಂತಿ, ಎಲ್ಲವನ್ನೂ ಬಾಚಿದ್ದಳು. ಅಸಹ್ಯವಾಗಿದ್ದು ಮನುಷ್ಯರನ್ನು ಕಂಡು.

ನಿಜ ಏನೆಂದು ಅವಳಿಗೆ ಗೊತ್ತಿತ್ತು. ಕ್ಯಾಪ್ಟನ್‌ಗೆ ಒಂದು ಹೊಲಸು ಚಾಳಿ. ಬೂಟಿನ ಅಡಿಗೆ ಹಿಡಿತ ಸಿಗಲೆಂದು ಅಂಗೈಗೆ ಉಗುಳಿಕೊಂಡು ಅಡಿಗೆ ಉಜ್ಜುವುದು. ಅರ್ಧ ಕೈಗೆ ಬಿದ್ದರೆ ಅರ್ಧ ನೆಲಕ್ಕೆ. ಬುಧವಾರವೂ ಉಗುಳಿದ. ಅವಳು ಟವೆಲ್ ಹಿಡಿದು ಓಡಿದಳು. "ಹೋಗ್ ಹೋಗ್, ಟೈಮಿಲ್ಲ!" ಎಂದು ಕೈ ಬೀಸಿ ಅಟ್ಟಿದವನು ಅವನೇ. ಆಮೇಲೆ ಜಾರಿದ್ದು ತನ್ನದೇ ಉಗುಳಿನ ಮೇಲೆ!

ಅದನ್ನು ಅಂಗಣದ ಸೂಪರ್‌ವೈಸರ್‌ಗೆ ಹೇಳಿದ್ದಳು. ಅವನು ಕಿವಿ ಮುಚ್ಚಿಕೊಂಡ.

"ಕ್ಯಾಪ್ಟನ್ ಹೆಸರು ಎತ್ತಬೇಡ ಮಾರಾಯ್ತಿ, ಜನ ನನ್ನನ್ನ ಹರಿದು ಹಾಕ್ತಾರೆ. ತಪ್ಪು ನನ್ನದೇ ಅಂತ ಒಂದು ಪತ್ರಕ್ಕೆ ಸಹಿ ಹಾಕು, ಗೇಟಿಗೆ ಅಂಟಿಸ್ತೀನಿ. ಶನಿವಾರ ಮಧ್ಯಾಹ್ನ ಎರಡರೊಳಗೆ ಹಾಕಿದ್ರೆ ಕೆಲಸ ಉಳಿಯುತ್ತೆ. ಇಲ್ಲಾಂದ್ರೆ ಭಾನುವಾರ ಆರನೇ ಪಂದ್ಯಕ್ಕೆ ಬರ್ಲೇಬೇಡ."

ಆ ಕೆಲಸವನ್ನು ಅವಳು ಹೊಟ್ಟೆಪಾಡಿಗೆ ಮಾತ್ರ ಮಾಡುತ್ತಿರಲಿಲ್ಲ. ಆಟ ನಿಂತ ಆ ಹತ್ತು ಸೆಕೆಂಡು ಇಡೀ ಅಂಗಣ ಅವಳದು. ಒರೆಸಿದ ಮರದ ನೆಲ ಫಳಫಳ ಹೊಳೆಯುವಾಗ, ಅದರ ಮೇಲೆ ಬೂಟುಗಳು ಕೀಚ್ ಎನ್ನುವಾಗ ಅವಳ ಮೈ ಝುಂ ಎನ್ನುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕಾದರೆ ತಾನು ಮಾಡದ ತಪ್ಪನ್ನು ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಕೆಲಸವೂ ಇಲ್ಲ, ಹೆಸರೂ ಇಲ್ಲ.

'ಸಹಿ ಹಾಕಿಬಿಡ್ತೀನಿ...' ಶುಕ್ರವಾರ ರಾತ್ರಿ ದಿಂಬಿಗೆ ಮುಖ ಒತ್ತಿ ನಿರ್ಧರಿಸಿದಳು. 'ಇಷ್ಟು ಹೊಲಸು ಬಾಚಿದೀನಿ, ಇದೂ ಒಂದು.'

ಶನಿವಾರ ಬೆಳಗ್ಗೆ ಅತ್ತಿಗೆ ಫೋನ್ ಹಿಡಿದು ಅಡುಗೆಮನೆಯಿಂದ ಓಡಿ ಬಂದಳು.

"ಏ, ಇಲ್ಲಿ ನೋಡೇ! ನಿನ್ನೆ ನಾನು ಶಾಪ ಹಾಕಿದ್ದೆನಲ್ಲ, ಆ ಮೂದೇವಿ ಏನೋ ಹೇಳ್ತಿದಾನೆ!"

ವಿಡಿಯೋದಲ್ಲಿ ಅವನ ತಲೆ ಕೆದರಿತ್ತು, ಕಣ್ಣಡಿ ಕಪ್ಪಾಗಿತ್ತು.

"ನಾನು ಹೇಳಿದ ಮೂರನೇ ಪಾಠ ಸುಳ್ಳು. ಪಂದ್ಯದ ರೆಕಾರ್ಡಿಂಗ್ ಎಂಟು ಸಲ ನೋಡಿದೆ. ಅವ್ರು ಒರೆಸೋಕೆ ಓಡಿ ಬಂದ್ರು. ವಾಪಸ್ ಕಳಿಸಿದ್ದು ಕ್ಯಾಪ್ಟನ್. ನೆಲಕ್ಕೆ ಉಗುಳಿದ್ದೂ ಕ್ಯಾಪ್ಟನ್. ನೀವೇ ನೋಡಿ. ನಾನು ಒಬ್ಬ ಹೆಣ್ಣುಮಗಳ ಮೇಲೆ ಬಾಯಿಗೆ ಬಂದಿದ್ದು ಹೇಳಿದೆ. ನನ್ನ ಬಗ್ಗೆ ನನಗೇ ಅಸಹ್ಯ ಆಗ್ತಿದೆ. ಕ್ಷಮಿಸಿ ಅಂತ ಕೇಳೋ ಯೋಗ್ಯತೆ ಇಲ್ಲ, ಆದ್ರೂ ಕೇಳ್ತಿದೀನಿ."

ಅವಳು ಫೋನನ್ನು ಕೈಗೆ ತೆಗೆದುಕೊಂಡಳು. ಈ ಮೂರು ದಿನದಲ್ಲಿ ಒಂದು ತೊಟ್ಟೂ ಸುರಿಯದಿದ್ದ ಕಣ್ಣೀರು ಈಗ ಹರಿಯತೊಡಗಿತು.

"ಅಳಬೇಡ್ವೇ," ಅತ್ತಿಗೆ ಅವಳ ಬೆನ್ನು ಸವರಿದಳು. "ಆದ್ರೂ ಸಿಕ್ಕಿದ್ರೆ ಅವನ ಮುಖಕ್ಕೆ ಒಂದ್ಸಲ ಉಗಿದೇ ಬಿಡೋದು ನಾನು!"

ಮಧ್ಯಾಹ್ನ ಅವಳು ಸಹಿ ಹಾಕಲೆಂದೇ ಬಸ್ಸು ಹತ್ತಿದಳು. ವಿಡಿಯೋ ಬಂದ ಮೇಲೂ ಸೂಪರ್‌ವೈಸರ್ ಪಟ್ಟು ಬಿಟ್ಟಿರಲಿಲ್ಲ. ಸಹಿ ಇಲ್ಲದೆ ಕೆಲಸವಿಲ್ಲ ಎಂದಿದ್ದ.

ಕನ್ನಡಕದಂಗಡಿ ಕಂಡಾಗ ಬೇಡವೆಂದರೂ ಕಣ್ಣು ಆ ಕಡೆ ಹೊರಳಿತು.

ಅಂಗಡಿಯ ಮುಂದಿನ ಗಾಜಿನ ತುಂಬ ಉಗುಳು! ದಪ್ಪ ದಪ್ಪ, ಕೆಳಗಿಳಿಯುತ್ತಿದ್ದ ಉಗುಳು. ಕ್ಯಾಪ್ಟನ್ ಮೇಲೆ ಮಾತಾಡಿದ್ದಕ್ಕೆ ಅಭಿಮಾನಿಗಳ ಉತ್ತರ. ಅವನು ಒಬ್ಬನೇ ನಿಂತು ಕನ್ನಡಕ ಒರೆಸುವ ತುಂಡು ಬಟ್ಟೆಯಲ್ಲಿ ಅದನ್ನು ಸುತ್ತಿ ಸುತ್ತಿ ಉಜ್ಜುತ್ತಿದ್ದ. ಹೋಗುವ ಬದಲು ಅದು ಗಾಜಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ರಸ್ತೆಯ ಆ ಬದಿಯಲ್ಲಿ ನಾಲ್ಕು ಜನ ನಿಂತು ನಗುತ್ತಿದ್ದರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ಒಂದೇ ಉಸಿರಿಗೆ ಹಿಂದಕ್ಕೆ ನಡೆದಳು.

"ಹಾಗಲ್ಲ ರೀ! ಏನ್ ಮಾಡ್ತಿದೀರಾ? ಎಲ್ಲಾ ಕಡೆ ಹರಡ್ತಿದೀರಲ್ಲ, ಥೂ!"

ಅವನು ತಿರುಗಿದ. ಅವನ ಅಂಗಿಯ ತೋಳಿನ ಮೇಲೂ ಉಗುಳಿತ್ತು. "ನೀವ್ಯಾಕೆ ಬಂದ್ರಿ? ಹೋಗಿ ಮೇಡಂ, ನಿಮ್ಮ ಮೇಲೂ ಉಗೀತಾರೆ."

"ಉಗೀಲಿ. ಹಳೆ ಪೇಪರ್ ಇದ್ಯಾ? ಬಕೆಟ್ಟಲ್ಲಿ ನೀರು ತನ್ನಿ. ಮೊದಲು ಒಣ ಪೇಪರಿಂದ ಎತ್ತಿಬಿಡಬೇಕು. ಉಜ್ಜಬಾರದು. ಆಮೇಲೆ ಒದ್ದೆ ಬಟ್ಟೆ, ಅಂಚಿಂದ ಒಳಗೆ. ನೋಡಿ... ಹೀಗೆ."

ಇಬ್ಬರೂ ಒಟ್ಟಿಗೆ ನಿಂತು ಒರೆಸಿದರು. ವಾಸನೆಗೆ ಅವನಿಗೆ ಎರಡು ಸಲ ಓಕರಿಕೆ ಬಂತು.

"ಮೂರು ವರ್ಷ ಇದನ್ನೇ ಮಾಡಿದ್ರಾ?"

"ಇಷ್ಟು ಒಟ್ಟಿಗೆ ಯಾವತ್ತೂ ಇರ್ಲಿಲ್ಲ. ನಿಮಗೆ ಅಭಿಮಾನಿಗಳು ಜಾಸ್ತಿ."

ಅವನು ನಕ್ಕುಬಿಟ್ಟ. ಅವಳಿಗೂ ನಗು ಬಂತು. ಬಂದ ನಗುವಿನ ಮೇಲೇ ಸಿಟ್ಟು ಬಂತು. 'ಇವನ ಜೊತೆ ನಗ್ತಿದೀನಲ್ಲ, ನನಗೇನು ತಲೆ ಕೆಟ್ಟಿದ್ಯಾ?'

"ವಿಡಿಯೋ ಯಾಕೆ ಹಾಕಿದ್ರಿ? ಸುಮ್ನಿದ್ದಿದ್ರೆ ನಿಮಗೇನೂ ಆಗ್ತಿರ್ಲಿಲ್ಲ."

"ನೀವು ಹೋದ್ಮೇಲೆ ಮೇಜು ಒರೆಸಿದೆ. ಆ ಬೆವರು ಕೈಗೆ ಅಂಟ್ಕೊಂಡು... ಊಟ ಸೇರ್ಲಿಲ್ಲ. ನಾನು ಮೇಲೆ ಕೂತು ಚಪ್ಪಾಳೆ ತಟ್ಟಿದ ಒಂದೊಂದು ಪಂದ್ಯದಲ್ಲೂ ನೀವು ಕೆಳಗೆ ಇದನ್ನ ಒರೆಸ್ತಿದ್ರಿ. ನಾನು ಮಾತ್ರ ನಿಮ್ಮನ್ನ ನೋಡಿದ್ದು ಬೈಯೋಕೆ."

ಅವಳ ಕೈ ಗಾಜಿನ ಮೇಲೆ ನಿಂತಿತು. ಆಗ ಗಂಟೆ ಎರಡಾಗಿತ್ತು. ಸಹಿ ಹಾಕುವ ಹೊತ್ತು ಮೀರಿಹೋಗಿತ್ತು. ಹೋಗಲಿ! ಇವನೊಬ್ಬ ಅಷ್ಟು ಜನರ ಎದುರು ಸುಳ್ಳನ್ನು ಸುಳ್ಳು ಅಂದಮೇಲೆ ತಾನೇ ಹೋಗಿ ಅದಕ್ಕೆ ಸಹಿ ಹಾಕುವುದೇ? ಅಷ್ಟು ಹೊಲಸು ಕೆಲಸ ಅವಳಿಂದಾಗದು.

ಭಾನುವಾರ ಸಂಜೆ ಅವಳು ಮೊದಲ ಸಲ ಗ್ಯಾಲರಿಯಲ್ಲಿ ಕುಳಿತಳು. ಟಿಕೆಟ್ ತಂದಿದ್ದ ಅವನು ಪಕ್ಕದಲ್ಲಿ. ಸುತ್ತಮುತ್ತ ಪಿಸುಪಿಸು. ಕೆಳಗೆ, ಬೇರೆ ಯಾರೂ ಸಿಗದೆ, ಸೂಪರ್‌ವೈಸರನೇ ಟೈ ಹೆಗಲಿಗೆ ಎಸೆದುಕೊಂಡು ಮಂಡಿಯೂರಿ ನೆಲ ಒರೆಸುತ್ತಿದ್ದ!

ಆಟ ಅರ್ಧ ಕಳೆದಿತ್ತು. ಕ್ಯಾಪ್ಟನ್ ಗೆರೆಯ ಬಳಿ ನಿಂತು ಅಂಗೈ ಎತ್ತಿದ. ಎಂದಿನಂತೆ ಉಗುಳಿದ. ಅರ್ಧ ನೆಲಕ್ಕೆ ಬಿತ್ತು.

"ಥೂ!" ಹಿಂದಿನ ಸಾಲಿನ ಅಜ್ಜಿಯೊಬ್ಬರು ಗಟ್ಟಿಯಾಗಿ ಅಂದರು. "ಆ ಹುಡುಗ ಹೇಳಿದ್ದು ನಿಜ ಕಣ್ರೋ! ಇದನ್ನ ಒರೆಸಿಲ್ಲ ಅಂತ ಆ ಮಗು ಮೇಲೆ ಉಗಿದ್ರಾ ನೀವೆಲ್ಲ?"

"ಥೂ!" ಇನ್ನೊಬ್ಬರು. "ಥೂ!" ಮತ್ತೊಂದು ಮೂಲೆಯಿಂದ.

ನೋಡುನೋಡುತ್ತಿದ್ದಂತೆ ಇಡೀ ಗ್ಯಾಲರಿ ಒಂದೇ ದನಿಯಲ್ಲಿ ಕೂಗಿತು. "ಥೂ! ಥೂ! ಥೂ!"

ಕ್ಯಾಪ್ಟನ್ ಕಲ್ಲಾಗಿ ನಿಂತ. ಮೇಲೆ ನೋಡಿದ, ನೆಲ ನೋಡಿದ. ಮುಖ ಕೆಂಪಾಯಿತು. ಸೂಪರ್‌ವೈಸರ್ ಬಟ್ಟೆ ಹಿಡಿದು ಓಡಿ ಬಂದ. ಕ್ಯಾಪ್ಟನ್ ಅವನನ್ನು ತಡೆದು, ತಾನೇ ಮಂಡಿಯೂರಿ, ತನ್ನ ಜರ್ಸಿಯ ಅಂಚಿನಿಂದ ತನ್ನ ಉಗುಳನ್ನು ತಾನೇ ಒರೆಸಿದ.

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಖುಷಿಯೋ, ಅಳುವೋ, ಹೇಸಿಗೆಯೋ ಅವಳಿಗೇ ತಿಳಿಯಲಿಲ್ಲ.

ತಂಡ ಐದು ಅಂಕದಿಂದ ಸೋತು ಸರಣಿ ಕಳೆದುಕೊಂಡಿತು. ಹೊರಗೆ ಬರುವಾಗ, ನಿನ್ನೆಯವರೆಗೂ ಬೈದವರೇ "ಸಿಸ್ಟರ್, ಒಂದು ಸೆಲ್ಫಿ" ಎಂದು ಹಲ್ಲು ಕಿರಿದರು. ಅವರಲ್ಲಿ ಬಸ್ ಸ್ಟಾಪಿನವನೂ ಇದ್ದ! ಅವಳಿಗೆ ಉಗುಳಿಗಿಂತ ಆ ನಗುವೇ ಹೆಚ್ಚು ವಾಕರಿಕೆ ತಂದಿತು. ತಿರುಗಿಯೂ ನೋಡದೆ ನಡೆದಳು.

ಸೂಪರ್‌ವೈಸರ್ ಒದ್ದೆ ಮಂಡಿಯಲ್ಲಿ ಓಡಿ ಬಂದ. "ಮುಂದಿನ ಸೀಸನ್ನಿಗೆ ಬಂದ್ಬಿಡಮ್ಮ. ಸೊಂಟ ಬಿದ್ದೋಯ್ತು ನಂಗೆ. ಪತ್ರ ಗಿತ್ರ ಏನೂ ಬೇಡ."

"ಬೇಕು ಸಾರ್. ನೀವು ಬರೀರಿ. ತಪ್ಪು ನನ್ನದಲ್ಲ ಅಂತ. ಸಹಿ ಹಾಕಿ ಗೇಟಿಗೆ ಅಂಟಿಸಿ. ಆಮೇಲೆ ಬರ್ತೀನಿ."

ಸೂಪರ್‌ವೈಸರ್ ತಲೆ ಕೆರೆದುಕೊಂಡು ಜೇಬಿನಲ್ಲಿ ಪೆನ್ ಹುಡುಕಿದ. ಅವನು ಬರೆದು, ಸಹಿ ಹಾಕಿ, ಗೇಟಿಗೆ ಅಂಟಿಸುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಎರಡು ಸಲ ಓದಿದಳು. ಅವಳ ಕಣ್ಣು ಮಂಜಾಯಿತು.

ಮೆಟ್ಟಿಲ ಮೇಲೆ ಕನ್ನಡಕದಂಗಡಿಯವನು ಕಾಯುತ್ತಿದ್ದ.

"ನಾಳೆ ಪಾಠ ಏನು ಹೇಳ್ತೀರಾ ಮೇಷ್ಟ್ರೇ? ಜನ ಕಾಯ್ತಿರ್ತಾರೆ."

"ಕಾಯ್ಲಿ. ಇನ್ಮೇಲೆ ಪಾಠ ಹೇಳಲ್ಲ." ಅವನು ಕೈ ಹಿಸುಕಿಕೊಂಡ. "ನಿಮಗೊಂದು ಮಾತು ಹೇಳಬೇಕು. ಇವತ್ತು ನಾನು ಆಟಾನೇ ನೋಡ್ಲಿಲ್ಲ. ನಿಮ್ಮನ್ನೇ ನೋಡ್ತಿದ್ದೆ... ನೀವು ನನಗೆ ಬೇಕು. ಯಾವ ಮುಖ ಇಟ್ಕೊಂಡು ಕೇಳಲಿ ಅಂತ ಗೊತ್ತಾಗ್ತಿಲ್ಲ, ಕೇಳ್ತಿದೀನಿ. ಜೀವನಪೂರ್ತಿ ಬೇಕು."

ಅವಳು ಗೇಟಿನತ್ತ ತಿರುಗಿ ಆ ಪತ್ರವನ್ನು ಇನ್ನೊಮ್ಮೆ ನೋಡಿದಳು.

"ನನಗೆ ಇನ್ನೂ ಸಿಟ್ಟು ಪೂರ್ತಿ ಹೋಗಿಲ್ಲ."

"ಗೊತ್ತು."

"ಆದ್ರೆ... ನನಗೂ ನೀವು ಬೇಕು." ಹೇಳಿದ ಮೇಲೆ ಕೆನ್ನೆ ಬಿಸಿಯಾಯಿತು. "ನಾಳೆ ಮನೆಗೆ ಬನ್ನಿ. ಅಣ್ಣನ ಹತ್ರ, ಅತ್ತಿಗೆ ಹತ್ರ ಮಾತಾಡಿ."

"ನಿಮ್ಮತ್ತಿಗೆ ನನ್ನ ಮುಖಕ್ಕೆ ಉಗಿದ್ರೆ?"

"ಉಗೀತಾರೆ. ಅದರಲ್ಲಿ ಅನುಮಾನಾನೇ ಬೇಡ."

"ಆಮೇಲೆ?"

ಅವಳು ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು.

"ನಾನಿರ್ತೀನಲ್ಲ... ಒರೆಸ್ತೀನಿ."