ನಡುವಿನ ಕೋಣೆಯ ಹುಸೇನಮ್ಮ

"ನಿಮಗ ಕರುಳು ಅನ್ನೋದು ಐತೇನ್ರೀ?"

ನೀಲಗಂಗಮ್ಮ ಕೊಟ್ರಯ್ಯನ ಜೊತೆ ಆಡಿದ ಮೊದಲ ಮಾತು ಅದು!

ಎಂಬತ್ತರ ದಶಕದ ಹೊಸಪೇಟೆ. ಅದಿರು ಲಾರಿ, ಸಕ್ಕರೆ ಕಾರ್ಖಾನೆ ಎಂದು ಊರು ತುಂಬಿ ತುಳುಕುತ್ತಿತ್ತು. ಒಂದೇ ವಠಾರದಲ್ಲಿ, ಒಂದು ಕೋಣೆಯ ಅಂತರದಲ್ಲಿ ಬಾಡಿಗೆಗಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ಮುಖವೆತ್ತಿ ನೋಡಿರಲಿಲ್ಲ.

ಈಗ ನಡುವಿನ ಕೋಣೆಯ ಬಾಗಿಲು ಒಡೆದಿದ್ದರು. ಮುದುಕಿ ಹುಸೇನಮ್ಮ ಚಾಪೆಯ ಮೇಲೆ ಸತ್ತು ಬಿದ್ದಿದ್ದಳು. ಯಾವಾಗ ಸತ್ತಳೋ... ವಾಸನೆಯೇ ಸುದ್ದಿ ಮುಟ್ಟಿಸಿತ್ತು.

"ದಿನಾ ಊಟ ಕೊಡೋರು ನೀವು. ನಿಮಗ ಗೊತ್ತಾಗ್ಲಿಲ್ಲ?"

ಕೊಟ್ರಯ್ಯ ಬೆಪ್ಪಾದ. "ನಾನಾ? ನೀವು ಕೊಡ್ತೀರಿ ಅಂತ ಈ ಅಮ್ಮನಾ ಹೇಳ್ತಿದ್ಲಲ್ರೀ..."

ನೀಲಗಂಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮುದುಕಿಗೆ ಜ್ವರ ಬಂದಾಗ ಗಂಜಿ ಬೇಕೇ ಎಂದು ಕೇಳಿದ್ದಳು. ಆ ಕಡೆಯ ಹುಡುಗ ಕೊಡುತ್ತಾನೆ ಎಂದು ಮುದುಕಿ ನಕ್ಕಿದ್ದಳು. ಯಾರಿಗೂ ಭಾರವಾಗಬಾರದೆಂದು ಇಬ್ಬರಿಗೂ ಒಂದೇ ಸುಳ್ಳು!

'ಅಯ್ಯೋ ಶಿವನೇ... ಕೇಳಿ ಕೈ ತೊಳೆದುಕೊಂಡೆನಲ್ಲ...'

ಮಣ್ಣಿಗೆ ಹೋದವರು ಅವರಿಬ್ಬರೇ. ಹೆಂಗಸರು ಬರಬಾರದೆನ್ನಲೂ ಯಾರೂ ಇರಲಿಲ್ಲ. ಹೆಣವಿದ್ದ ತಳ್ಳುಗಾಡಿ ತಳ್ಳುತ್ತ ಕೊಟ್ರಯ್ಯ ತನ್ನ ಬದುಕು ಹೇಳಿಕೊಂಡ. ದರೋಜಿಯಲ್ಲಿ ತಾಯಿ ತೀರಿದ ಮೇಲೆ ಲೇತ್ ಕೆಲಸಕ್ಕೆ ಇಲ್ಲಿಗೆ ಬಂದವನು. ಭಾನುವಾರವಿಡೀ ಯಾರೊಂದಿಗೂ ಮಾತಿಲ್ಲ. ಅವಳೂ ಹೇಳಿದಳು. ಎಮ್ಮಿಗನೂರಿನಲ್ಲಿ ಗಂಡ ಸತ್ತ; ಅಣ್ಣಂದಿರಿಗೆ ಬೇಡವಾದಳು; ಈಗ ಬಟ್ಟೆ ಅಂಗಡಿಯಲ್ಲಿ ಹೊಲಿಗೆ.

ಆಮೇಲೆ ಸಂಜೆ ಕಟ್ಟೆಯ ಮೇಲೆ ಕೂತು ಮಾತಾಡುವುದು ರೂಢಿಯಾಯಿತು. ಅವನು ಬರುವುದು ತಡವಾದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ಮುಂಜಾನೆ ಅವನು ಟ್ರಂಕು ಹೊತ್ತು ಅಂಗಳಕ್ಕಿಳಿದ. ಆ ಖಾಲಿ ಕೋಣೆಯ ಪಕ್ಕ ನಿದ್ದೆ ಬರುವುದಿಲ್ಲ, ಸಂಡೂರಿಗೆ ಹೋಗುತ್ತೇನೆ ಎಂದ.

ಅವಳು ಅಡ್ಡ ಬಂದು ನಿಂತಳು. "ನೀವೂ ಹೋದ್ರ... ನಾನು ಸತ್ರ ಯಾರಿಗೆ ಗೊತ್ತಾಗ್ತೈತ್ರೀ?"

ಅವನು ಟ್ರಂಕು ಕೆಳಗಿಟ್ಟ.

"ನನಗೂ ಅದಾ ಅಂಜಿಕಿ. ನಿಮ್ಮನ್ನ ಬಿಟ್ಟು ಹೋಗಾಕ ಮನಸಿಲ್ಲ. ಕೇಳಾಕ ಧೈರ್ಯ ಇಲ್ಲ."

"ಈಗ ಕೇಳ್ರಿ."

"ನನ್ನ ಲಗ್ನ ಆಗ್ತೀರಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಕಣ್ಣೀರು ಸೆರಗಿಗೆ ನಿಲ್ಲಲಿಲ್ಲ.

"ಜನ ಏನಂತಾರ..." ಎಂದ ಅವನು.

ನೀಲಗಂಗಮ್ಮ ವಠಾರದ ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು.

"ಯಾವ ಜನ್ರೀ?" ಎಂದಳು. "ಬರ್ರಿ, ಒಳಗ ಕುಂದ್ರಿ."