ಎರಡನೇ ಖಾನೆಯ ಬಿಟ್

"ಕಟ ಕಟ ಕಟ ಕಟ!"

ಚಿಕ್ಕಪ್ಪನ ಕೈಯಲ್ಲಿದ್ದ ಬ್ಯಾಟರಿ ಡ್ರಿಲ್ ಅರಚಿಕೊಂಡಿತು. ಸ್ಕ್ರೂ ಮಾತ್ರ ಅರ್ಧ ಒಳಗೆ, ಅರ್ಧ ಹೊರಗೆ ನಿಂತುಬಿಟ್ಟಿತು. ಚಿಕ್ಕಪ್ಪ ಇನ್ನೂ ಗಟ್ಟಿಯಾಗಿ ಒತ್ತಿದ. ತುದಿಯಲ್ಲಿದ್ದ ಬಿಟ್ ಸ್ಕ್ರೂವಿನ ತಲೆಯ ಮೇಲೆ ಜಾರಿ ಜಾರಿ ಸುಮ್ಮನೆ ತಿರುಗಿತು. ಹಲಸಿನ ಹಲಗೆಯ ಮೇಲೆ ಹೊಳೆಯುವ ಲೋಹದ ಪುಡಿ ಉದುರಿತು.

"ಹೋತ್! ಇದೂ ಹೋತ್!" ಎಂದು ಚಿಕ್ಕಪ್ಪ ಡ್ರಿಲ್ ಕೆಳಗಿಟ್ಟ.

ಹಲಗೆಯನ್ನು ಅಲ್ಲಾಡದಂತೆ ಹಿಡಿದುಕೊಂಡಿದ್ದ ಅಶ್ವಿತಾ ಬಗ್ಗಿ ನೋಡಿದಳು. ಸ್ಕ್ರೂವಿನ ತಲೆಯಲ್ಲಿ ಚೆಂದಕ್ಕಿದ್ದ ಪ್ಲಸ್ ಗುರುತು ಕಾಣಲೇ ಇಲ್ಲ. ಅಲ್ಲಿ ಈಗ ಬರೀ ಒಂದು ದುಂಡನೆಯ ತೂತು. ಪಕ್ಕದ ಸ್ಕ್ರೂವಿನದೂ ಅದೇ ಗತಿ.

ಅದು ಅಶ್ವಿತಾಳ ಕೋಳಿಗೂಡಿನ ಬಾಗಿಲು. ಹೋದ ವಾರ ಕೀರಿಯೊಂದು ಹಳೇ ಬಾಗಿಲಿನ ಸಂದಿಯಲ್ಲಿ ನುಗ್ಗಿ ಅವಳ ಚುಕ್ಕಿಕೋಳಿಯ ಮರಿಯೊಂದನ್ನು ಕಚ್ಚಿಕೊಂಡು ಹೋಗಿತ್ತು. ಅಂದಿನಿಂದ ತಾಯಿ ಮತ್ತು ಮರಿಗಳು ಅಡುಗೆಮನೆಯ ಮೂಲೆಯಲ್ಲಿ, ಬುಟ್ಟಿಯ ಕೆಳಗೆ. ಹೊಸ ಬಾಗಿಲಿಗೆ ಹಲಗೆ ಅಳೆದವಳು ಅಶ್ವಿತಾ. ಗುರುತು ಹಾಕಿದವಳೂ ಅವಳೇ. "ಮೊದಲನೇ ಎರಡು ಸ್ಕ್ರೂ ನಾನು ಹಾಕ್ತೆ. ಮಿಕ್ಕಿದ್ದೆಲ್ಲ ನೀನೇ ಹಾಕು," ಎಂದು ಚಿಕ್ಕಪ್ಪ ಮಾತು ಕೊಟ್ಟಿದ್ದ. ಅದಕ್ಕಾಗಿ ಅವಳು ಕಾದು ಕಾದು ಸಾಕಾಗಿದ್ದಳು.

ಈಗ ಚಿಕ್ಕಪ್ಪ ಅವಳ ಕಡೆಗೇ ತಿರುಗಿದ.

"ಬಿಟ್ ಡಬ್ಬಿ ಮುಟ್ಟಿದ್ದು ನೀನೇ ಅಲ್ವಾ?"

"ಎಂಥ? ನಾನಾ?"

"ಮತ್ತೆ ಯಾರು, ಚುಕ್ಕಿಕೋಳಿಯಾ? ದಿನಾ ಡಬ್ಬಿ ಬಿಚ್ಚೋದು, ಜೋಡಿಸೋದು, ಆಟ ಆಡೋದು. ಬಿಟ್ ಎಲ್ಲ ಹಾಳು ಮಾಡಿಟ್ಟಿದ್ದೀಯ. ಅದಕ್ಕೇ ಹೀಗೆ ಜಾರ್ತಾ ಉಟ್ಟು."

"ನಾ ಆಟ ಆಡೋದಲ್ಲ! ಜೋಡಿಸಿ ಇಡೋದು! ಕೈಲ್ ಮುಹೂರ್ತದ ಪೂಜೆ ಆದ್ಮೇಲೆ ನಾ ಅದನ್ನ ಮುಟ್ಟಿತ್ಲೆ ಚಿಕ್ಕಪ್ಪ, ಮುಟ್ಟೇ ಇಲ್ಲ, ಸತ್ಯವಾಗ್ಲೂ!"

"ಸಾಕು ಹುಡ್ಗಿ, ಸುಮ್ನಿರು. ಇನ್ನು ಮೇಲೆ ಈ ಡಬ್ಬಿಗೆ ಕೈ ಹಾಕ್ಬೇಡ. ಡ್ರಿಲ್ಲಿಗೂ ಬೇಡ."

ಅಷ್ಟು ಹೇಳಿ ಅವನು ಕೈ ಒರೆಸಿಕೊಂಡು ಟೀ ಕುಡಿಯಲು ಒಳಗೆ ಹೋದ.

ಅಶ್ವಿತಾಳ ಮುಖಕ್ಕೆ ಬಿಸಿ ಏರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಸ್ಕ್ರೂ ಕೆಡಿಸಿದವನು ಚಿಕ್ಕಪ್ಪ, ಬೈಸಿಕೊಂಡವಳು ಅವಳು. ಇದೆಲ್ಲಿಯ ನ್ಯಾಯ?

ಆ ಕಪ್ಪು ಡಬ್ಬಿಯನ್ನು ಈ ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಯಾರಿದ್ದಾರೆ? ಚಿಕ್ಕಪ್ಪ ಮಾದಾಪುರದ ಸುತ್ತ ಎಸ್ಟೇಟುಗಳಲ್ಲಿ ಗೇಟು, ಶೆಡ್ಡು ರಿಪೇರಿ ಮಾಡುವವನು. ಸಂಜೆ ಬಂದವನೇ ಬಿಟ್‌ಗಳನ್ನು ಚೀಲದಿಂದ ಜಗಲಿಯ ಮೇಲೆ ಸುರಿದುಬಿಡುತ್ತಿದ್ದ. ಅವನ್ನು ಆಯ್ದು, ಬಟ್ಟೆಯಲ್ಲಿ ಒರೆಸಿ, ಡಬ್ಬಿಯಲ್ಲಿ ಇಡುತ್ತಿದ್ದವಳು ಅಶ್ವಿತಾ. ಒಂದನೇ ಖಾನೆಯಲ್ಲಿ ಒಂದನೇ ನಂಬರಿನ ಸ್ಟಾರ್ ಬಿಟ್, ಅದರ ಮೂತಿ ಚೂಪು. ಎರಡನೇ ಖಾನೆಯಲ್ಲಿ ಎರಡನೇ ನಂಬರಿನದು, ಸ್ವಲ್ಪ ದಪ್ಪ, ಹೆಚ್ಚಿನ ಸ್ಕ್ರೂಗಳಿಗೆಲ್ಲ ಅದೇ. ಆಮೇಲೆ ಮೂರನೆಯದು. ಆಮೇಲೆ ಚಪ್ಪಟೆ ಮೂತಿಯವು. "ನಮ್ಮ ಅಶ್ವಿ ಜೋಡಿಸಿದ್ರೆ ಕಣ್ಣು ಮುಚ್ಚಿ ತೆಗೀಬಹುದು," ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದವನೂ ಇದೇ ಚಿಕ್ಕಪ್ಪನೇ. ಅವನು ಬಿಟ್ಟನ್ನು ನೋಡುತ್ತಲೂ ಇರಲಿಲ್ಲ. ಕೈ ತಾನಾಗಿ ಎರಡನೇ ಖಾನೆಗೆ ಹೋಗುತ್ತಿತ್ತು.

ಹೊಗಳುವಾಗ ಅಶ್ವಿ. ಬೈಯುವಾಗಲೂ ಅಶ್ವಿ!

ಅವಳು ಡಬ್ಬಿಯ ಕಡೆ ನೋಡಿದಳು. ಅದು ತೆರೆದೇ ಬಿದ್ದಿತ್ತು. ಮುಟ್ಟಬೇಡ ಎಂದಿದ್ದಾನೆ. ನೋಡಬೇಡ ಎಂದಿಲ್ಲವಲ್ಲ.

ಬಗ್ಗಿ ನೋಡಿದಳು. ಎಲ್ಲ ಬಿಟ್‌ಗಳ ಮೇಲೂ ಗಂಧ, ಕುಂಕುಮ ಒಣಗಿ ಅಂಟಿಕೊಂಡಿತ್ತು. ಮೊನ್ನೆ ಕೈಲ್ ಮುಹೂರ್ತದ ದಿನ ದೇವರ ದೀಪದ ಮುಂದೆ ಮನೆಯ ಆಯುಧಗಳನ್ನೆಲ್ಲ ಇಟ್ಟಿದ್ದರು. ಕೋವಿ, ಕತ್ತಿ, ಗುದ್ದಲಿ, ಮರ ಕೊಯ್ಯುವ ಮಿಷನ್, ಜೊತೆಗೆ ಚಿಕ್ಕಪ್ಪನ ಡ್ರಿಲ್ ಕೂಡ. ಬಿಟ್‌ಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಇಟ್ಟವಳು ಅಶ್ವಿತಾ. ಸಾಲಿನ ಕೊನೆಗೆ ಕೆಂಪು ಹಳದಿಯ ತೋಕ್ ಹೂವನ್ನೂ ಇಟ್ಟಿದ್ದಳು. ಒಮ್ಮೆ ದೀಪದ ಮುಂದೆ ಇಟ್ಟ ಮೇಲೆ ಪೂಜೆ ಮುಗಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಪೂಜೆ ಮುಗಿದ ಮೇಲೂ ತಾವಾಗಿ ತೆಗೆಯುವ ಹಾಗಿಲ್ಲ. ಈ ಮನೆಯ ಕ್ರಮವೇ ಹಾಗೆ. ಮನೆಯ ಹಿರಿಯರು ಎತ್ತಿ ಕೈಗೆ ಕೊಡಬೇಕು, ಆಮೇಲೇ ಕೆಲಸ.

ಡ್ರಿಲ್ಲಿನ ಮೂತಿಯಲ್ಲಿ ಬಿಟ್ ಹಾಗೇ ಇತ್ತು. ಅದರ ಮೈಯ ಮೇಲೂ ಕುಂಕುಮ. ಅಶ್ವಿತಾ ಸುತ್ತ ನೋಡಿ, ಕಿರುಬೆರಳಿನ ಉಗುರಿನಿಂದ ಅದನ್ನು ಮೆಲ್ಲಗೆ ಕೆರೆದಳು.

ಕುಂಕುಮದ ಕೆಳಗೆ ಒಂದು ನಂಬರ್ ಕಾಣಿಸಿತು. ಒಂದು.

ಎರಡಲ್ಲ. ಒಂದು!

ಅವಳು ಡಬ್ಬಿಯತ್ತ ತಿರುಗಿ, ಒಂದನೇ ಖಾನೆಯಲ್ಲಿದ್ದ ಬಿಟ್ಟಿನ ಕುಂಕುಮ ಕೆರೆದಳು. ಅದರ ಮೇಲೆ ಎರಡು ಎಂದಿತ್ತು. ಅದಲು ಬದಲು! ಸಣ್ಣ ಬಿಟ್ ದೊಡ್ಡ ಸ್ಕ್ರೂವನ್ನು ಹೇಗೆ ಹಿಡಿದೀತು? ಅದು ಒಳಗೆ ಗಿರಗಿರ ತಿರುಗಿ ತಲೆಯನ್ನೇ ಕೊರೆದುಹಾಕಿದೆ. ಚಿಕ್ಕಪ್ಪ ಒಮ್ಮೆ ಕಣ್ಣು ಬಿಟ್ಟು ನೋಡಿದ್ದರೆ ಸಾಕಿತ್ತು.

"ಚಿಕ್ಕಪ್ಪಾ!"

ಅವಳ ಕೂಗಿಗೆ ಅಂಗಳದ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಚಿಕ್ಕಪ್ಪ ಲೋಟ ಹಿಡಿದೇ ಓಡಿಬಂದ. ಹಿಂದೆಯೇ ಅಮ್ಮ ಬಂದಳು. ಜಗಲಿಯ ಬೆಂಚಿನ ಮೇಲೆ ಕುಳಿತಿದ್ದ ಅಜ್ಜ ತಲೆಯೆತ್ತಿದರು.

"ನೋಡು! ಇದು ಒಂದನೇ ಬಿಟ್. ಎರಡನೇ ಖಾನೆಯಲ್ಲಿದ್ದದ್ದು ಇದು. ನೀನು ನೋಡದೆ ಹಾಕ್ಕೊಂಡಿದ್ದೀಯ!"

ಚಿಕ್ಕಪ್ಪ ಬಿಟ್ಟನ್ನು ಬೆಳಕಿಗೆ ಹಿಡಿದ. ಅವನ ಮುಖ ಸಣ್ಣಗಾಯಿತು. ಆದರೂ ಸೋಲು ಒಪ್ಪಿಕೊಳ್ಳಲಿಲ್ಲ.

"ಹಂಗಾದ್ರೆ ತಪ್ಪು ಖಾನೆಯಲ್ಲಿ ಇಟ್ಟದ್ದು ನೀನೇ ಅಂತಾತ್."

"ನಾನಲ್ಲ! ನಾ ಬಾಳೆಲೆ ಮೇಲೆ ಇಟ್ಟದ್ದು. ಪೂಜೆ ಆದ್ಮೇಲೆ ಡಬ್ಬಿ ಮುಚ್ಚೇ ಬಂತು. ಡಬ್ಬಿಗೆ ಹಾಕಿದ್ದು ಯಾರು? ಅದನ್ನ ಕೇಳು! ಮೊಸರು ತಿಂದವರು ಯಾರೋ, ಒರೆಸಿದ್ದು ನನ್ನ ಬಾಯಿಗೆ! ಯಾರು ಹಾಕಿದ್ದು, ಹೇಳಿ, ಯಾರು?"

ಚಿಕ್ಕಪ್ಪ ಅಮ್ಮನ ಮುಖ ನೋಡಿದ, ಅಮ್ಮ ನೆಲ ನೋಡಿದಳು. ದೀಪದ ಮುಂದಿನಿಂದ ಎತ್ತಿ ಕೊಡುವ ಹಿರಿಯರು ಮನೆಯಲ್ಲಿ ಒಬ್ಬರೇ ಅಲ್ಲವೇ?

"ನಾನ್ ಮಗಾ," ಎಂದರು ಅಜ್ಜ. "ಡಬ್ಬಿಗೆ ಹಾಕಿದ್ದು ನಾನೇ."

ಅಶ್ವಿತಾ ಗಕ್ಕನೆ ಅಜ್ಜನ ಕಡೆ ತಿರುಗಿದಳು.

ಚಿಕ್ಕಪ್ಪ ಮಾತ್ರ ದೊಡ್ಡದಾಗಿ ನಕ್ಕುಬಿಟ್ಟ. "ಅಯ್ಯೋ, ಇರ್ಲಿ ಬಿಡಿ ಅಪ್ಪ. ಅದ್ರಲ್ಲಿ ಎಂಥ ಉಟ್ಟು? ಎರಡು ಸ್ಕ್ರೂ ತಾನೆ ಹೋದದ್ದು!"

"ಹೌದು ಮಾವ, ಬೇಜಾರು ಮಾಡ್ಕೊಬೇಡಿ. ನಿಮ್ಗೂ ಟೀ ತರ್ತೆ," ಎಂದಳು ಅಮ್ಮ.

ಅಶ್ವಿತಾಳಿಗೆ ಈಗ ಬಂದ ಸಿಟ್ಟಿನ ಮುಂದೆ ಮೊದಲಿನ ಸಿಟ್ಟು ಏನೂ ಅಲ್ಲ. ಅದೇ ಎರಡು ಸ್ಕ್ರೂ! ಆಗ ಅವಳಿಂದ ಹಾಳಾಯಿತು ಅಂದುಕೊಂಡಾಗ ಡಬ್ಬಿ ಮುಟ್ಟಬಾರದು, ಡ್ರಿಲ್ ಮುಟ್ಟಬಾರದು. ಈಗ ಅಜ್ಜನಿಂದ ಹಾಳಾದಾಗ "ಎರಡು ಸ್ಕ್ರೂ ತಾನೆ" ಅಂತೆ, ಮೇಲೆ ಟೀ ಬೇರೆ!

"ಇದು ಮೋಸ!" ಎಂದು ಕಾಲು ಅಪ್ಪಳಿಸಿದಳು. "ನಾ ಮಾಡದೇ ಇದ್ರೂ ನಂಗೆ ಬೈಗುಳ. ಅಜ್ಜ ಮಾಡಿದ್ರೂ ಅವರಿಗೆ ಟೀ! ಚಿಕ್ಕವರಾದ್ರೆ ಸುಮ್ನೆ ಬೈಸ್ಕೊಬೇಕಾ?"

"ಅಶ್ವೀ! ದೊಡ್ಡವರ ಎದುರು ಹಿಂಗಾ ಮಾತಾಡೋದು?" ಅಮ್ಮ ಗದರಿದಳು.

"ಮಾತಾಡ್ಲಿ ಬಿಡು ಯಮುನ," ಎಂದರು ಅಜ್ಜ. "ಅವ್ಳು ಹೇಳ್ತಾ ಇರೋದು ಸರಿಯಾಗೇ ಉಟ್ಟು. ಪ್ರವೀಣ, ಬಾ ಇಲ್ಲಿ. ಅವ್ಳಿಗೆ ಬೈದೆ ಅಲ್ವಾ? ಅಷ್ಟೇ ಗಟ್ಟಿಯಾಗಿ ನಂಗೂ ಬೈ."

ಚಿಕ್ಕಪ್ಪ ತಬ್ಬಿಬ್ಬಾದ. "ಎಂಥದ್ದು ಅಪ್ಪ ನೀವು..."

"ಬೈ ಮತ್ತೆ. ಡಬ್ಬಿ ಮುಟ್ಟಬೇಡಿ ಅಂತ ಹೇಳು."

ಚಿಕ್ಕಪ್ಪ ತಲೆ ಕೆರೆದುಕೊಂಡ. ಕಿವಿ ಎಳೆದುಕೊಂಡ. ಲೋಟದಲ್ಲಿ ಟೀ ಇಲ್ಲದಿದ್ದರೂ ಒಂದು ಗುಟುಕು ಕುಡಿದ.

"ಬೈಲಿಕ್ಕೆ ಆಗೋದಿಲ್ಲ ಅಂದ್ರೆ ಅವ್ಳಿಗೆ ಬೈದದ್ದನ್ನ ವಾಪಸ್ ತಕ್ಕೊ."

"ಆತ್, ಆತ್. ವಾಪಸ್ ತಕ್ಕೊಂಡೆ," ಎಂದ ಚಿಕ್ಕಪ್ಪ. ಆಮೇಲೆ ಮೆಲ್ಲಗೆ, ಅಶ್ವಿತಾಳನ್ನು ನೋಡದೆ, "ನಾನೂ ಒಂದು ಸಲ ನೋಡ್ಬೇಕಿತ್ತು," ಎಂದು ಸೇರಿಸಿದ. ಕೆಟ್ಟ ಸ್ಕ್ರೂಗಳನ್ನು ಕೀಳಲು ಕಟಿಂಗ್ ಪ್ಲೇಯರ್ ಹುಡುಕಿಕೊಂಡು ಶೆಡ್ಡಿನತ್ತ ಹೊರಟ.

ಅಶ್ವಿತಾ ಗೆದ್ದಿದ್ದಳು. ಇನ್ನು ಖುಷಿಪಡಬೇಕು ಎಂದುಕೊಂಡು ಜಗಲಿಯ ಕಡೆ ತಿರುಗಿದಳು.

ಅಜ್ಜ ಅದಲು ಬದಲಾದ ಎರಡೂ ಬಿಟ್‌ಗಳನ್ನು ತರಿಸಿ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು. ಒಂದನ್ನು ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಬಿಸಿಲಿನ ಕಡೆ ತಿರುಗಿಸಿದರು. ಕುಂಕುಮ ಕೆರೆದು ಹೋಗಿತ್ತು, ನಂಬರ್ ಅವಳಿಗೆ ಅಷ್ಟು ದೂರದಿಂದಲೇ ಕಾಣುತ್ತಿತ್ತು. ಅಜ್ಜ ಅದರ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಂದರ ಮೇಲೂ ಆಡಿಸಿದರು. ತಲೆ ಅಲ್ಲಾಡಿಸಿ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡರು.

ಅಶ್ವಿತಾಳಿಗೆ ಬೆಳಗಿನ ಪೇಪರ್ ನೆನಪಾಯಿತು. "ಕನ್ನಡಕ ಎಲ್ಲಿಟ್ಟೆನೋ ಏನೋ. ಸ್ವಲ್ಪ ಓದಿ ಹೇಳು ಮಗಾ," ಎಂದು ಅಜ್ಜ ದಿನಾ ಕರೆಯುತ್ತಿದ್ದರು. ಕನ್ನಡಕ ಮಾತ್ರ ಯಾವಾಗಲೂ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅವಳು ಅದನ್ನು ನೋಡಿ ನಗುತ್ತಿದ್ದಳು. ಅಜ್ಜನಿಗೆ ಮರೆವು ಎಂದುಕೊಂಡಿದ್ದಳು.

ಮರೆವಲ್ಲ. ಕನ್ನಡಕ ಹಾಕಿದರೂ ಕಾಣುತ್ತಿರಲಿಲ್ಲ.

ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಬಾಕ್ಸಿನಿಂದ ಒಂದು ಹೊಸ ಸ್ಕ್ರೂ ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕುಳಿತಳು.

"ಅಜ್ಜ, ನಂಬರ್ ನೋಡೋದೆಲ್ಲ ದಡ್ಡರು. ನಾ ಬೇರೆ ಒಂದು ಉಪಾಯ ಹೇಳ್ತೆ. ಇದನ್ನ ಸ್ಕ್ರೂ ತಲೆಗೆ ಇಡಿ. ಹಾಂ. ಈಗ ಅಲ್ಲಾಡಿಸಿ."

ಅಜ್ಜ ಅಲ್ಲಾಡಿಸಿದರು. ಬಿಟ್ ಸಡಿಲವಾಗಿ ಲೊಟಲೊಟ ಅಂದಿತು.

"ಅಲ್ಲಾಡಿದ್ರೆ ಅಲ್ಲ. ಈಗ ಇನ್ನೊಂದು ಇಡಿ."

ಇನ್ನೊಂದು ಗಟ್ಟಿಯಾಗಿ ಕೂತಿತು. ಅಜ್ಜ ಎಷ್ಟು ಅಲ್ಲಾಡಿಸಿದರೂ ಅಲುಗಲಿಲ್ಲ. ಬಿಟ್ಟನ್ನು ಎತ್ತಿದರೆ ಸ್ಕ್ರೂ ಅದರ ಜೊತೆಗೇ ಎದ್ದು ಬಂತು.

"ಕಚ್ಕೊಂಡಿತಲ್ಲಾ!" ಅಜ್ಜ ನಕ್ಕರು. "ಈ ಬುದ್ಧಿ ಮೊನ್ನೆ ಗೊತ್ತಿದ್ರೆ ನಿಂಗೆ ಬೈಗುಳ ತಪ್ತಿತ್ತು ಮಗಾ." ಮತ್ತೆ ಒಂದು ಸಲ ಮಾಡಿ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಮಾಡಿ ನೋಡಿದರು.

ಚಿಕ್ಕಪ್ಪ ಕೆಟ್ಟ ಸ್ಕ್ರೂಗಳನ್ನು ಕಿತ್ತು ಬಿಸಾಡಿ, ಹಲಗೆಯನ್ನು ಸರಿಮಾಡಿ ನಿಲ್ಲಿಸಿದ. ಒಳಗೆ ಬುಟ್ಟಿಯ ಕೆಳಗಿನಿಂದ ಚುಕ್ಕಿಕೋಳಿ ಬೈಯುತ್ತಲೇ ಇತ್ತು.

"ಎರಡನೇ ಬಿಟ್ ಕೊಡು ಮಗಾ," ಎಂದು ಅವನು ಕೈ ಚಾಚಿದ.

ಅಶ್ವಿತಾ ಬಿಟ್ ಎತ್ತಿಕೊಂಡಳು. ಎರಡು ಎಂಬ ನಂಬರ್ ಸ್ಪಷ್ಟವಾಗಿ ಕಾಣುತ್ತಿತ್ತು. ಚಿಕ್ಕಪ್ಪನ ಕಡೆ ಹೋಗುತ್ತಿದ್ದ ಕೈಯನ್ನು ಅಲ್ಲೇ ತಡೆದು, ಬಿಟ್ಟನ್ನು ಅಜ್ಜನ ಅಂಗೈಯಲ್ಲಿ ಇಟ್ಟಳು.

ಅಜ್ಜ ಅದನ್ನು ಸ್ಕ್ರೂವಿನ ತಲೆಗೆ ಒತ್ತಿದರು. ಅಲ್ಲಾಡಿಸಿದರು. ಎತ್ತಿದರು. ಸ್ಕ್ರೂ ಕೆಳಗೆ ಬೀಳಲಿಲ್ಲ.

"ಇದೇ," ಎಂದು ಎರಡೂ ಸೇರಿಸಿ ಬಲಗೈಯಲ್ಲಿ ಅವಳಿಗೇ ಕೊಟ್ಟರು. ಮೊನ್ನೆ ದೀಪದ ಮುಂದಿನಿಂದ ಅವಳ ಅಪ್ಪನ ಕೈಗೆ ಕೋವಿ ಕೊಟ್ಟದ್ದೂ ಹೀಗೆಯೇ.

"ನಂಬರ್ ಸರಿಯಾಗಿ ಉಟ್ಟಾ? ನೋಡಿದ್ಯಾ?" ಚಿಕ್ಕಪ್ಪ ಕತ್ತು ಚಾಚಿದ.

"ಅಜ್ಜ ನೋಡಿದ್ದಾರೆ," ಎಂದಳು ಅಶ್ವಿತಾ. "ಡ್ರಿಲ್ ಇತ್ಲಾಗೆ ಕೊಡು."