ಸಾಲಿನಲ್ಲಿ ನಿಲ್ಲದವನ ಓಟು

ಸಮಸ್ತ ಮತದಾರ ಬಾಂಧವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಗರಸಭೆ ಚುನಾವಣೆಯ ದಿನ ಪ್ರೈಮರಿ ಸ್ಕೂಲಿನ ಎರಡನೇ ಕ್ಲಾಸಿನ ಕೋಣೆಯಲ್ಲಿ, ಮಕ್ಕಳು ಕೂರೋ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದ ವಕೀಲನೊಬ್ಬ, ಒಂದು ಓಟೂ ಬೀಳುವ ಮುಂಚೆಯೇ ಬಿದ್ದುಹೋದ. ಬೆಂಚಿಗೆ ಏನೂ ಆಗಲಿಲ್ಲ.

ಅವನು ಲಾ ಕಾಲೇಜಿನಲ್ಲಿ ಸಂವಿಧಾನ ಪಾಠ ಮಾಡೋನು. ಬಾಯಿಬಿಟ್ಟರೆ ಆ ವಿಧಿ, ಈ ವಿಧಿ. ಹಾಗಾಗಿ ಅವನ ಅಕ್ಕ ಅವನಿಗೆ 'ವಿಧಿ' ಅಂತಲೇ ಹೆಸರಿಟ್ಟಿದ್ದಳು. ಹುಟ್ಟಿದಾಗಿನಿಂದ ನನ್ನ ಬೆನ್ನು ಬಿದ್ದಿದ್ದಾನೆ ಅನ್ನೋಳು. ಈ ಸಲ ಅಕ್ಕನೇ ಅಭ್ಯರ್ಥಿ, ವಿಧಿಯೇ ಅವಳ ಬೂತ್ ಏಜೆಂಟ್. ಮೊದಲು ನಿನ್ನ ಓಟು ಹಾಕಿ ಆಮೇಲೆ ಕೂತ್ಕೋ ಅಂತ ಅಕ್ಕ ಹೇಳಿ ಕಳಿಸಿದ್ದಳು.

ಆದರೆ ಅವಳು ಬಂದಳು. ಮತಗಟ್ಟೆಯ ಅಧಿಕಾರಿ. ಬೇರೆ ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಚುನಾವಣೆ ಡ್ಯೂಟಿಗೆ ಯಾರನ್ನೂ ಸ್ವಂತ ಊರಿಗೆ ಹಾಕಲ್ಲ; ಬೆಳಿಗ್ಗೆ ಬಂದವರು ಸಂಜೆ ಪೆಟ್ಟಿಗೆ ಸಮೇತ ಹೊರಟುಹೋಗ್ತಾರೆ. ಅಂದರೆ ವಿಧಿಗೆ ಸಿಕ್ಕಿದ್ದು ಒಂದೇ ಹಗಲು.

ಅವಳು ಮತಪೆಟ್ಟಿಗೆ ಎತ್ತಿ, ತೊಳೆದ ಪಾತ್ರೆ ತೋರಿಸೋ ಹಾಗೆ ಏಜೆಂಟರ ಮುಂದೆ ಬಗ್ಗಿಸಿ ಹಿಡಿದಳು. ಖಾಲಿ ಇದೆ ಅಂತ ಇಬ್ಬರೂ ಒಪ್ಪಬೇಕು, ಆಮೇಲೇ ಸೀಲು.

"ಖಾಲಿ ಇದೆಯಾ, ಲಾಯರೇ?"

ಅವನು ನೋಡ್ತಿದ್ದದ್ದು ಅವಳನ್ನ. ಹಣೆಗೆ ಬಿದ್ದಿದ್ದ ಒಂದು ಎಳೆ ಕೂದಲನ್ನ ಅವಳು ಉಫ್ ಅಂತ ಊದಿ ಹಾರಿಸಿದ್ದನ್ನ.

"ಇಲ್ಲ," ಅಂದುಬಿಟ್ಟ.

ಕೋಣೆ ಗಾಬರಿಬಿತ್ತು. ಪೊಲೀಸಿನವನು ಓಡಿಬಂದ. ಎದುರು ಪಕ್ಷದ ಏಜೆಂಟ್, ರಿಟೈರಾದ ರೈಲ್ವೆ ಟಿ.ಸಿ., ಊರಿಗೆಲ್ಲ 'ಮಾವ', ಕನ್ನಡಕ ಏರಿಸಿ ಪೆಟ್ಟಿಗೆಯೊಳಗೆ ತಲೆಯನ್ನೇ ತೂರಿಸಿದರು. ಪೆಟ್ಟಿಗೆ ಖಾಲಿ. ಮಾವ ತಲೆ ಹೊರಗೆ ತೆಗೆದು ಅವನನ್ನ ನೋಡಿದರು, ಅವಳನ್ನ ನೋಡಿದರು, ಅವನ ಕಿವಿ ಹತ್ತಿರ ಬಂದು ಪಿಸುಗುಟ್ಟಿದರು. "ನಿಮ್ಮಕ್ಕ ಗೆಲ್ತಾಳೋ ಬಿಡ್ತಾಳೋ. ನೀನಂತೂ ಠೇವಣಿ ಕಳ್ಕೊಂಡೆ ಕಣಯ್ಯಾ."

ಅವಳಿಗೆ ಕೇಳಿಸಿತೋ ಏನೋ, ಅರಗು ಕರಗಿಸ್ತಾ ತುಟಿ ಒಳಗೆ ಎಳೆದುಕೊಂಡಳು. ನಗು ತಡೆಯೋರು ಮಾಡೋ ಕೆಲಸ ಅದು.

ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಅಜ್ಜಿ ಬಂದಳು, ಕೈ ನಡುಗುತ್ತೆ, ಕಣ್ಣು ಮಂಜು. ಮಗ ಮುಂದೆ ಬಂದು, ನಮ್ಮಮ್ಮನ ಮುದ್ರೆ ನಾನೇ ಒತ್ತುತ್ತೀನಿ ಅಂದ. ಟೀಚರ್ ಅವನ ಕಡೆ ತಿರುಗಲೂ ಇಲ್ಲ. ಅಜ್ಜಿಯ ಮುಂದೆ ಬಗ್ಗಿ, ನಿಮಗೆ ಇವರ ಸಹಾಯ ಬೇಕಾ ಅಂತ ಕೇಳಿದಳು.

ಅಜ್ಜಿ ಕೋಲನ್ನ ಬಿಗಿಯಾಗಿ ಹಿಡಿದಳು. "ಮನೇಲಿ ಫ್ಯಾನ್ ಹಾಕೋಕೂ ನನ್ನ ಕೇಳಲ್ಲಮ್ಮ," ಅಂದಳು. "ಇದೊಂದು ನಾನೇ ಮಾಡ್ತೀನಿ."

ಮಾಡಿದಳು. ರಟ್ಟಿನ ಮರೆಯ ಹಿಂದೆ ಕೋಲು ಒರಗಿಸಿದ ಸದ್ದು, ಕಾಗದ ಬಿಚ್ಚಿದ ಸದ್ದು, ಆಮೇಲೆ ಏನೂ ಇಲ್ಲ. ಸಾಲು ನಿಂತೇ ಇತ್ತು. ಮೂರು ಸಲ ಗೆದ್ದು, ಯಾರಿಗೂ ಕಾದು ಗೊತ್ತಿಲ್ಲದ ಹಾಲಿ ಸದಸ್ಯನೂ ಅದೇ ಸಾಲಿನಲ್ಲಿದ್ದ, ಗಂಟಲು ಸರಿಮಾಡಿಕೊಂಡ. ಟೀಚರ್ ಅವನ ಕಡೆ ನೋಡಿದಳು, ಅಷ್ಟೇ. ಎರಡನೇ ಕ್ಲಾಸಿನ ಹುಡುಗನ ಹಾಗೆ ಅವನು ಕೈಕಟ್ಟಿ ನಿಂತ.

ಪರಮಾಧಿಕಾರ ಜನರದ್ದು ಅಂತ ವಿಧಿ ಎಷ್ಟು ಆಕಳಿಕೆಗಳ ಮುಂದೆ ಪಾಠ ಮಾಡಿದ್ದ! ಇವತ್ತು ಅದು ಕೋಲೂರಿಕೊಂಡು ಬಂದಿತ್ತು. ಅದು ಬಂದಾಗ ಎದ್ದು ನಿಂತು ದಾರಿ ಬಿಡೋಕೆ ಗೊತ್ತಿದ್ದವಳು ಇಡೀ ಕೋಣೆಯಲ್ಲಿ ಒಬ್ಬಳೇ. ಬೆಳಿಗ್ಗೆ ಆದದ್ದು ಬರೀ ಮರುಳು. ಈಗ ಆದದ್ದಕ್ಕೆ ಅವನ ಹತ್ತಿರ ಯಾವ ವಿಧಿಯೂ ಇರಲಿಲ್ಲ.

ಮಹಾ ಯೋಜನೆ ಹುಟ್ಟಿದ್ದೇ ಆಗ. ತನ್ನ ಓಟು ಇದೇ ಬೂತಿನಲ್ಲಿದೆ. ಎಲ್ಲರಿಗಿಂತ ಕೊನೆಗೆ ಹಾಕೋದು. ಹಿಂದೆ ಯಾರೂ ಇರಲ್ಲ, ಮತಪತ್ರ ಕೊಡೋಳು ಅವಳೇ. ಅದನ್ನ ತಗೊಳ್ಳೋವಾಗ ಹೇಳಿಬಿಡೋದು. ಮಾತು ಜೋಡಿಸೋದರಲ್ಲಿ ಸಂಜೆಯಾಯಿತು.

ಮತದಾನದ ಹೊತ್ತು ಮುಗಿದ ಗಂಟೆ ಹೊಡೆಯಿತು. ಇನ್ನೂ ಸಾಲಿನಲ್ಲಿದ್ದವರಿಗೆಲ್ಲ ಸಿಬ್ಬಂದಿ ಚೀಟಿ ಹಂಚಿದರು. ಚೀಟಿ ಇದ್ದವರು ಓಟು ಹಾಕಿ ಹೋದರು. ವಿಧಿ ಎದ್ದು, ಶರ್ಟು ಎಳೆದುಕೊಂಡು, ಮೇಜಿನ ಮುಂದೆ ನಿಂತ.

"ಚೀಟಿ?" ಅಂದಳು ಅವಳು.

"ನಾನು ಬೆಳಿಗ್ಗೆಯಿಂದ ಇಲ್ಲೇ ಇದೀನಲ್ಲ ಮೇಡಂ."

"ಸಾಲಿನಲ್ಲಿರಲಿಲ್ಲ. ನಮ್ಮ ಸಿಬ್ಬಂದಿ ನಿಮ್ಮ ಹತ್ತಿರಾನೂ ಬಂದು ಚೀಟಿ ಬೇಕಾ ಅಂತ ಕೇಳಿದ್ರು. ನೀವು ಬೇಡ ಅಂತ ಕೈಯಾಡಿಸಿದ್ರಿ."

ಆಡಿಸಿದ್ದ. ಆ ಕೈ ಏನು ಮಾಡ್ತಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ಊರಿಗೆಲ್ಲ ಸಂವಿಧಾನ ಹೇಳೋ ವಿಧಿ, ಅಕ್ಕನಿಗೆ ಒಂದು ಓಟು ಹಾಕಲಾರದೆ ನಿಂತಿದ್ದ.

"ಮೂರು ಗಂಟೆ ಹೊತ್ತಿಗೆ ಕೋಣೆ ಖಾಲಿ ಹೊಡೀತಿತ್ತು," ಅಂದಳು ಅವಳು, ಈ ಸಲ ಮೆತ್ತಗೆ. "ಯಾಕೆ ಹಾಕಲಿಲ್ಲ?"

ಜೋಡಿಸಿಟ್ಟ ಮಾತೆಲ್ಲ ಹಾರಿಹೋಗಿತ್ತು. "ಹಾಕಿದ್ರೆ ದಿನ ಮುಗಿದುಹೋಗುತ್ತೆ ಅನ್ನಿಸ್ತು. ನೀವು ಹೊರಟುಹೋಗ್ತೀರಿ. ಅಜ್ಜಿಯನ್ನ ಕೇಳಿದ್ರಲ್ಲ, ಹಾಗೆ ಕೇಳೋರ ಜತೆ ಬದುಕಬೇಕು ಅನ್ನಿಸ್ತು."

ಅವಳ ಕೈಯಲ್ಲಿದ್ದ ಅರಗು, ಪೆಟ್ಟಿಗೆಯ ಮೇಲೆ ಬೀಳೋ ಬದಲು, ಮೇಜಿನ ಮೇಲೆ ತೊಟ್ಟಿಕ್ಕಿತು.

"ಕಾನೂನಲ್ಲಿ ದಾರಿಯಿಲ್ಲ," ಅಂದಳು, ಆ ತೊಟ್ಟನ್ನ ಉಗುರಿನಿಂದ ಕೆರೀತಾ. "ಓಟಿಗೆ."

ಸೀಲಾಯಿತು, ಸಹಿಗಳಾದವು. ಪೆಟ್ಟಿಗೆ ಹೋಗೋ ಬಸ್ಸಿಗೆ ಏಜೆಂಟರು ಹತ್ತೋ ಹಾಗಿಲ್ಲ, ಆದರೆ ಎಣಿಕೆ ಕೇಂದ್ರದ ತನಕ ಹಿಂದೆ ಬರೋ ಹಕ್ಕು ಅವರಿಗಿದೆ ಅಂತ ಅವಳು ಯಾರಿಗೂ ಅಲ್ಲ ಅನ್ನೋ ಹಾಗೆ ಹೇಳಿದಳು. ಪಾಸ್ ಅಂಟಿಸಿದ ಗಾಡಿ ಇದ್ದರೆ ಮಾತ್ರ.

ಪಾಸ್ ಇದ್ದದ್ದು ಮಾವನ ಸ್ಕೂಟರಿಗೆ.

"ಹತ್ತಯ್ಯಾ," ಅಂದರು ಮಾವ. "ರಾಜಕೀಯದಲ್ಲಿ ಮೈತ್ರಿ ಹೊಸದೇನಲ್ಲ."

ಬಸ್ಸಿನ ಹಿಂದಿನ ಸೀಟಿನಲ್ಲಿ ಅವಳು ಪೆಟ್ಟಿಗೆ ತೊಡೆಮೇಲಿಟ್ಟುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಅದರಿಂದ ಕಣ್ಣು ಕದಲಿಸಬಾರದು ಅಂತ ನಿಯಮ. ಹಿಂದೆ ಸ್ಕೂಟರ್ ಕಂಡ ಮೊದಲನೇ ತಿರುವಿನಲ್ಲೇ ಆ ನಿಯಮ ಉಲ್ಲಂಘನೆಯಾಯಿತು.